ನದಿದಂಡೆಯ ಎಲುಬು, ಹಲ್ಲುಗಳನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಬ್ಯಾಡಗಿ ಎಂದೊಡನೆ ಕರಾವಳಿಯವರಾದ ನಮಗೆ ನೆನಪಾಗುವುದು ಮೆಣಸು. ಅದಿಲ್ಲದೆ ನಮ್ಮ ಕೋಳಿ ಗಸಿಗೆ ಬಣ್ಣವೇ ಬಾರದು. ಹಾವೇರಿ ಎಂದರೆ ಏಲಕ್ಕಿ ಹಾರ, ರಾಣೆಬೆನ್ನೂರು ಎಂದರೆ ಕೃಷ್ಣಮೃಗ. ಆದರೆ ಆ ಸೀಮೆಯ ವರದಾ, ಕುಮುದ್ವತಿ, ತುಂಗಭದ್ರಾ ನದಿಗಳ ದಂಡೆಯಲ್ಲಿ ಇನ್ನೊಂದು ಸಂಪತ್ತೂ ಇದೆ. ನೆರೆ ಇಳಿದು ದಂಡೆ ಕುಸಿದಾಗ ಹೊರಬೀಳುವ ಹಳೆಯ ಮಣ್ಣಿನ ಪದರಗಳೇ ಆ ಸಂಪತ್ತು. ಅಂಥ ಪದರಗಳಲ್ಲಿ ಸಿಗುವ ಎಲುಬು, ಹಲ್ಲುಗಳಿಗೂ ಒಂದು ಚರಿತ್ರೆ ಇದೆ ಎಂದು ನಮ್ಮ ನಾಡಿನಲ್ಲಿ ಮೊದಲು ತೋರಿಸಿಕೊಟ್ಟವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖರು.

ಫೂಟ್ ಜನಿಸಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿ ಮದ್ರಾಸಿಗೆ ಬಂದರು. ತಮಿಳು ವಿದ್ವಾಂಸರಾಗಿದ್ದ ಮಿಷನರಿ ರೆ. ಪೀಟರ್ ಪರ್ಸಿವಲ್‌ರ ಮಗಳನ್ನು ಮದುವೆಯಾದರು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ ಮನುಷ್ಯ ಕೆತ್ತಿದ ಕಲ್ಲಿನ ಆಯುಧ ಅವರ ಕಣ್ಣಿಗೆ ಬಿತ್ತು. ಮಾನವಕುಲ ಬಹು ಪ್ರಾಚೀನವೆಂಬ ಮಾತನ್ನು ಯುರೋಪಿನ ವಿದ್ವಾಂಸರೇ ಒಪ್ಪತೊಡಗಿ ಆಗಿನ್ನೂ ನಾಲ್ಕೈದು ವರ್ಷಗಳಾಗಿದ್ದವು. ಭಾರತದಲ್ಲಿಯೂ ಹಾಗೆಯೇ ಇತ್ತೆಂದು ಆ ಒಂದು ಕಲ್ಲು ಸಾರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂನಲ್ಲಿ ಮತ್ತಷ್ಟು ಆಯುಧಗಳು ದೊರೆತವು.

ಬಳಿಕ ಇಲಾಖೆ ಅವರನ್ನು ಕನ್ನಡ ನಾಡಿಗೆ ಕಳುಹಿಸಿತು. ಬೆಳಗಾವಿ, ಕಲಾದಗಿ, ಧಾರವಾಡ ಸೀಮೆಗಳನ್ನು ಸುತ್ತಿ ಅವರು ಬರೆದ ಭೂವಿಜ್ಞಾನ ಗ್ರಂಥ 1876ರಲ್ಲಿ ಪ್ರಕಟವಾಯಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಧಾರವಾಡ ಜಿಲ್ಲೆಗೇ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಈ ಭಾಗದ ಪುರಾತನ ಶಿಲೆಗಳಿಗೆ ಧಾರವಾಡ ಎಂಬ ಹೆಸರನ್ನು ಜಗತ್ತಿನ ಭೂವಿಜ್ಞಾನದಲ್ಲಿ ಸ್ಥಿರಗೊಳಿಸಿದವರು ಫೂಟ್ ಅವರೇ. ಆ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಗಳಿಗಿಂತ ಹಳೆಯವು. ಎಲುಬುಳ್ಳ ಪ್ರಾಣಿ ಭೂಮಿಯ ಮೇಲೆ ಹುಟ್ಟುವ ಎಷ್ಟೋ ಮೊದಲಿನವು. ಆದ್ದರಿಂದ ರಾಣೆಬೆನ್ನೂರಿನ ಗುಡ್ಡದ ಕಲ್ಲಿನಲ್ಲಿ ಎಲುಬು ಹುಡುಕಿ ಫಲವಿಲ್ಲ. ಹುಡುಕಬೇಕಾದ್ದು ನದಿ ತಂದು ಹಾಕಿದ ಮೆಕ್ಕಲು ಮಣ್ಣಿನಲ್ಲಿ. (ನಮ್ಮ ಕರಾವಳಿಯ ಮುರಕಲ್ಲು ಮಣ್ಣು ಆಮ್ಲೀಯ, ಅದರಲ್ಲಿ ಎಲುಬು ಉಳಿಯುವುದೇ ಕಷ್ಟ.)

ಫೂಟ್ ಅವರಿಗೆ ಅಂಥ ಮಣ್ಣು ಒಲಿದದ್ದು ಘಟಪ್ರಭಾ ಕಣಿವೆಯಲ್ಲಿ. ಗೋಕಾಕದ ಸಮೀಪ, ದಾಖಲೆಗಳಲ್ಲಿ ಚಿಕ್ದೌಲಿ ಎಂದು ಬರೆಯಲಾಗಿರುವ ಗ್ರಾಮದ ಬಳಿ ಅವರಿಗೆ ಖಡ್ಗಮೃಗದ ಅವಶೇಷಗಳು ದೊರೆತವು. 1874ರಲ್ಲಿ ಅದಕ್ಕೆ ರೈನೋಸರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು ವಿವರಣೆ ಪ್ರಕಟಿಸಿದರು. ಇಂದು ಖಡ್ಗಮೃಗ ನೋಡಲು ಅಸ್ಸಾಮಿನ ಕಡೆಗೆ ಹೋಗಬೇಕು. ಒಂದು ಕಾಲದಲ್ಲಿ ಅದು ಬೆಳಗಾವಿ ಸೀಮೆಯಲ್ಲಿಯೇ ಮೇಯುತ್ತಿತ್ತು!

ಕೊಂಬಿಲ್ಲದೆ ಖಡ್ಗಮೃಗವನ್ನು ಗುರುತಿಸುವುದು ಹೇಗೆ? ಅದರ ಕೊಂಬು ನಮ್ಮ ಉಗುರಿನಂಥ ವಸ್ತು, ಮಣ್ಣಿನಲ್ಲಿ ಕರಗಿಹೋಗುತ್ತದೆ. ಉಳಿಯುವುದು ಹಲ್ಲು, ದೇಹದಲ್ಲಿ ಹಲ್ಲಿನ ಹೊರಕವಚಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಖಡ್ಗಮೃಗದ ಮೇಲ್ದವಡೆಯ ಅರೆಹಲ್ಲಿನಲ್ಲಿ ಹೊರಗೋಡೆಯೊಂದು, ಅದರಿಂದ ಒಳಕ್ಕೆ ಚಾಚಿದ ಎರಡು ದಿಣ್ಣೆಗಳು ಕಾಣುತ್ತವೆ. ದನದ ಹಲ್ಲಿನಲ್ಲಿ ಅರ್ಧಚಂದ್ರದ ಗುರುತು. ಕುದುರೆಯ ಹಲ್ಲು ಚೌಕಾಕಾರ, ಉದ್ದ. ಅದರ ಮೇಲೆ ನೆರಿಗೆ ಹಿಡಿದಂಥ ಗೆರೆಗಳು. ಹಂದಿಯದ್ದು ಗುಬುಟು ಗುಬುಟಾಗಿರುತ್ತದೆ. ಬಣ್ಣ ನೋಡಿ ಮೋಸಹೋಗಬಾರದು: ಹೊಳೆಯ ಕೆಸರಿನಲ್ಲಿ ಬಿದ್ದ ಇತ್ತೀಚಿನ ದನದ ಎಲುಬೂ ಬೇಗನೆ ಕಪ್ಪಾಗುತ್ತದೆ. ಖನಿಜ ತುಂಬಿ ಕಲ್ಲಾದ ಎಲುಬಿಗೆ ತೂಕ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾದುದು, ಅದು ಯಾವ ಪದರದಿಂದ ಬಂತು ಎಂಬುದು. ದಂಡೆಯಿಂದ ಕಿತ್ತು ಮನೆಯ ಕಪಾಟಿನಲ್ಲಿಟ್ಟ ಎಲುಬು ಅರ್ಧ ಮೂಕವಾದಂತೆ. ಫೂಟ್ ಅವರು ತಮ್ಮ ಸಂಗ್ರಹದ ವಸ್ತುಗಳಿಗೆ ಸಂಖ್ಯೆ ಕೊಟ್ಟು ದೊರೆತ ಊರನ್ನು ಬರೆದಿಟ್ಟದ್ದು ಇದಕ್ಕಾಗಿಯೇ.

ಪದರದ ಬೆಲೆ ಎಷ್ಟೆಂಬುದು ಮುಂದೆ ಹಾವೇರಿ ಸೀಮೆಯಲ್ಲಿಯೇ ಗೊತ್ತಾಯಿತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಅಲ್ಲಿನ ಪ್ರಾಣಿಗಳ ಎಲುಬುಗಳನ್ನು ಪಶುವೈದ್ಯರಾಗಿದ್ದ ಕೆ. ಆರ್. ಆಲೂರು ಪರೀಕ್ಷಿಸಿ, ಕೆಲವು ಕುದುರೆಯವು ಎಂದರು. ಆರ್ಯರ ಆಗಮನದ ಬಗ್ಗೆ ರೂಢಿಯಲ್ಲಿದ್ದ ಲೆಕ್ಕಾಚಾರಕ್ಕೆ ಅದು ಹೊಂದಲಿಲ್ಲ. ವಿದ್ವಾಂಸರಲ್ಲಿ ದೊಡ್ಡ ವಾದವೇ ಎದ್ದಿತು. ಕೆಲವೇ ಎಲುಬು, ಹಲ್ಲುಗಳ ಮೇಲೆ ಇಡೀ ದೇಶದ ಚರಿತ್ರೆಯ ಭಾರ ಬಿದ್ದಿತ್ತು.

ಫೂಟ್ ಅವರಿಗೂ ಒಂದು ಕೊರತೆ ಕಾಡುತ್ತಿತ್ತು. ಆಯುಧಗಳು ಸಿಕ್ಕವು, ಅವನ್ನು ಮಾಡಿದವನ ಎಲುಬು ಮಾತ್ರ ಸಿಗಲಿಲ್ಲ. ವಿಜ್ಞಾನಿ ಹಕ್ಸ್ಲಿಯವರ ಸಲಹೆಯ ಮೇರೆಗೆ ಮದ್ರಾಸ್ ಸರಕಾರ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ಅಗೆಯಲು ಅವರನ್ನು ನೇಮಿಸಿತು. 1884ರ ಸುಮಾರಿಗೆ ಅವರೂ, ಸೈನ್ಯಾಧಿಕಾರಿಯಾಗಿದ್ದ ಮಗ ಹೆನ್ರಿಯೂ ಅಲ್ಲಿ ದುಡಿದರು. ಖಡ್ಗಮೃಗ, ಕತ್ತೆಕಿರುಬ, ಕೋತಿ ಮುಂತಾದವುಗಳ ಅವಶೇಷಗಳು ರಾಶಿಯಾಗಿ ಬಂದವು. ರಿಚರ್ಡ್ ಲಿಡೆಕ್ಕರ್ ಅವನ್ನು ಗುರುತಿಸಿಕೊಟ್ಟರು. ನಿರೀಕ್ಷಿಸಿದ್ದ ಆದಿಮಾನವ ಸಿಗಲೇ ಇಲ್ಲ.

1891ರಲ್ಲಿ ನಿವೃತ್ತರಾದ ಮೇಲೂ ಅವರು ಸುಮ್ಮನೆ ಕುಳಿತವರಲ್ಲ. ಬರೋಡ ಸಂಸ್ಥಾನಕ್ಕೆ ಕೆಲಸ ಮಾಡಿದರು, ಮೈಸೂರಿನ ಭೂವಿಜ್ಞಾನ ಇಲಾಖೆಗೆ ಅಡಿಪಾಯ ಹಾಕಿಕೊಟ್ಟರು. ನಂತರ ಸೇಲಂ ಬಳಿಯ ಯೇರ್ಕಾಡಿನಲ್ಲಿ ನೆಲೆಸಿದರು. ನಲವತ್ತು ವರ್ಷಗಳ ಸಂಗ್ರಹವನ್ನು ಮದ್ರಾಸ್ ಮ್ಯೂಸಿಯಂ 1904ರಲ್ಲಿ ಕೊಂಡುಕೊಂಡಿತು. ಅದರ ವಿವರಪಟ್ಟಿ ಅಚ್ಚಾಗಿ ಬರುವುದನ್ನು ನೋಡಲು ಅವರು ಬದುಕಿರಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ನಿಧನರಾದರು. ಅಲ್ಲಿಯೇ ದಹನ ನಡೆದು, ಚಿತಾಭಸ್ಮವನ್ನು ಯೇರ್ಕಾಡಿನ ಹೋಲಿ ಟ್ರಿನಿಟಿ ದೇವಾಲಯಕ್ಕೆ ತರಲಾಯಿತು. ವಿವರಪಟ್ಟಿಯ ಸಂಪುಟಗಳು 1914 ಮತ್ತು 1916ರಲ್ಲಿ ಹೊರಬಂದವು.