ಮಲಬದ್ಧತೆಯಾದರೆ ರಕ್ತಕ್ಕೆ ವಿಷ ಸೇರುತ್ತದೆಯೇ? 1919ರಲ್ಲೇ ಉತ್ತರ ಕೊಟ್ಟ ಡಾ. ಅಲ್ವಾರೆಜ್

ಕರುಳಿನಲ್ಲಿ ಮಲ ನಿಂತರೆ ಅದರ ವಿಷ ರಕ್ತಕ್ಕೆ ಸೇರಿ ತಲೆನೋವು, ಸುಸ್ತು ಬರುತ್ತದೆ, ಹಾಗಾಗಿ ಕೂಡಲೇ 'ಡಿಟಾಕ್ಸ್' ಮಾಡಿ ಎನ್ನುವ ಮೆಸೇಜ್ ನಿಮಗೂ ಬಂದಿರಬಹುದು. ಇದು ಹೊಸ ಮಾತೇನಲ್ಲ. ನೂರು ವರ್ಷಗಳ ಹಿಂದೆ ದೊಡ್ಡ ದೊಡ್ಡ ವೈದ್ಯರೇ ಇದನ್ನು ನಂಬಿದ್ದರು. ಅದನ್ನು ಪ್ರಶ್ನಿಸಿದವರಲ್ಲಿ ಪ್ರಮುಖರು ವಾಲ್ಟರ್ ಸಿ. ಅಲ್ವಾರೆಜ್.

1884ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಅವರು ಬೆಳೆದದ್ದು ಹವಾಯಿಯಲ್ಲಿ. ತಂದೆಯೂ ವೈದ್ಯರು. 1905ರಲ್ಲಿ ವೈದ್ಯ ಪದವಿ ಪಡೆದ ಅಲ್ವಾರೆಜ್, ಮುಂದೆ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಜೊತೆ ಕೆಲಸ ಮಾಡಿದರು. ಎಕ್ಸ್‌ರೇ ಮೂಲಕ ಜಠರದ ಚಲನೆಯನ್ನು ಮೊದಲು ಗಮನಿಸಿದವರಲ್ಲಿ ಕ್ಯಾನನ್ ಒಬ್ಬರು. ತಿಂದದ್ದು ಹೊಟ್ಟೆಯಿಂದ ಮುಂದಕ್ಕೆ ಹೇಗೆ ಸಾಗುತ್ತದೆ ಎಂಬುದೇ ಅಲ್ವಾರೆಜ್ ಅವರ ಜೀವಮಾನದ ಪ್ರಶ್ನೆಯಾಯಿತು.

ಆ ಕಾಲದಲ್ಲಿ 'ಕರುಳಿನ ವಿಷ'ದ ಭಯ ಎಷ್ಟಿತ್ತೆಂದರೆ, ಲಂಡನ್ನಿನ ಖ್ಯಾತ ಶಸ್ತ್ರಚಿಕಿತ್ಸಕ ಆರ್ಬತ್‌ನಾಟ್ ಲೇನ್ ಮಲಬದ್ಧತೆಗಾಗಿ ರೋಗಿಗಳ ದೊಡ್ಡಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಕೆಲವರು ಪ್ರಾಣವನ್ನೂ ಕಳೆದುಕೊಂಡರು.

1919ರ ಲೇಖನದಲ್ಲಿ ಅಲ್ವಾರೆಜ್ ಸರಳ ತರ್ಕ ಮುಂದಿಟ್ಟರು. ಮಲವಿಸರ್ಜನೆಯಾದ ಕೂಡಲೇ ತಲೆಭಾರ ಇಳಿಯುತ್ತದೆ. ವಿಷ ರಕ್ತದಲ್ಲಿದ್ದರೆ ಅಷ್ಟು ಬೇಗ ಹೋಗಲು ಸಾಧ್ಯವೇ? ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಾಟಲಿ ಎಸೆದ ತಕ್ಷಣ ಕುಡಿದವನ ಅಮಲು ಇಳಿಯುವುದಿಲ್ಲ. ಹಾಗಾದರೆ ಕಾರಣ ವಿಷವಲ್ಲ, ಕರುಳು ಹಿಗ್ಗಿದಾಗ ನರಗಳ ಮೇಲಾಗುವ ಪರಿಣಾಮ. 1922ರಲ್ಲಿ ಡೊನಾಲ್ಡ್‌ಸನ್ ಎಂಬ ಸಂಶೋಧಕರು ಗುದನಾಳದಲ್ಲಿ ಬರೀ ಹತ್ತಿ ತುಂಬಿ ನೋಡಿದಾಗಲೂ ಅದೇ ತೊಂದರೆಗಳು ಕಾಣಿಸಿಕೊಂಡವು. ಹತ್ತಿಯಲ್ಲಿ ಯಾವ ವಿಷ?

1921ರಲ್ಲಿ ಅಲ್ವಾರೆಜ್ ಹೊಟ್ಟೆಯ ಚರ್ಮದ ಮೇಲಿನಿಂದಲೇ ಮನುಷ್ಯನ ಜಠರದ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಹೃದಯಕ್ಕೆ ಇಸಿಜಿ ಇದ್ದಂತೆ ಇದು ಜಠರಕ್ಕೆ. ನಿಮಿಷಕ್ಕೆ ಸುಮಾರು 3 ಅಲೆಗಳು. ಜಠರದ ಚಲನೆಯ ತೊಂದರೆ ತಿಳಿಯಲು ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

1926ರಿಂದ ಮೇಯೋ ಕ್ಲಿನಿಕ್‌ನಲ್ಲಿದ್ದ ಅವರು, ನಿವೃತ್ತಿಯ ನಂತರ ಪತ್ರಿಕೆಗಳಲ್ಲಿ ಆರೋಗ್ಯ ಅಂಕಣ ಬರೆದು ಮನೆಮಾತಾದರು. 1978ರಲ್ಲಿ ತೀರಿಕೊಂಡರು. ಮಗ ಲೂಯಿಸ್ ಅಲ್ವಾರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಿತ್ತು.

ನಾವು ನೆನಪಿಡಬೇಕಾದ್ದು ಇಷ್ಟೇ: ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ ಮಲವಿಸರ್ಜನೆ ಸಹಜ. ದೇಹದ ಕಸ ತೆಗೆಯಲು ಲಿವರ್, ಕಿಡ್ನಿ ಇವೆ. ಕರುಳು ತೊಳೆಸುವುದರಿಂದ ಲವಣಾಂಶ ಏರುಪೇರಾಗಬಹುದು, ಕರುಳಿಗೆ ಗಾಯವೂ ಆಗಬಹುದು. ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ದಿಢೀರ್ ಬದಲಾವಣೆ ಕಂಡರೆ ತಡಮಾಡದೆ ವೈದ್ಯರನ್ನು ನೋಡಿ. 'ಡಿಟಾಕ್ಸ್' ಮೆಸೇಜ್ ಮತ್ತೆ ಬಂದರೆ, ಕಳಿಸಿದವರಿಗೆ ಹತ್ತಿಯ ಕಥೆ ಹೇಳಿ.