ದಾರಿ ತಪ್ಪದ ಅಳತೆಗಾರ ವಿಲಿಯಂ ಲ್ಯಾಂಬ್ಟನ್

ನ್ಯಾವಿಗೇಷನ್ ರ‍್ಯಾಲಿಗೆ ಹೊರಡುವ ಜೀಪಿನ ಚಾಲಕ ಹಿಂದಿನ ದಿನವೇ ಕೆಲವು ಕೆಲಸಗಳನ್ನು ಮುಗಿಸಿಕೊಳ್ಳುತ್ತಾನೆ. ಸ್ಟೆಪ್ನಿಯ ಗಾಳಿ, ಜಾಕಿ, ಎಳೆಯುವ ಹಗ್ಗ, ಕುಡಿಯುವ ನೀರು, ದಿಕ್ಸೂಚಿ, ಟಾರ್ಚು ಎಲ್ಲವನ್ನೂ ಪರೀಕ್ಷಿಸಿ ಕಟ್ಟಿಡುತ್ತಾನೆ. ಅದಾದ ಮೇಲೂ ಬಹುಮುಖ್ಯವಾದ ಒಂದು ಕೆಲಸ ಉಳಿದಿರುತ್ತದೆ. ಉದ್ದ ಖಚಿತವಾಗಿ ಗೊತ್ತಿರುವ ರಸ್ತೆಯೊಂದರಲ್ಲಿ ಗಾಡಿ ಓಡಿಸಿ, ತನ್ನ ಟ್ರಿಪ್ ಮೀಟರ್ ತೋರಿಸುವ ದೂರ ಸರಿಯೇ ಎಂದು ತಾಳೆ ನೋಡಬೇಕು. ಈ ಸ್ಪರ್ಧೆಯಲ್ಲಿ ವೇಗಕ್ಕಿಂತ ನಿಖರತೆಗೆ ಹೆಚ್ಚಿನ ಬೆಲೆ. ನೂರಕ್ಕೆ ಎರಡರಷ್ಟು ತಪ್ಪು ತೋರಿಸುವ ಮೀಟರನ್ನು ನಂಬಿ 50 ಕಿಲೋಮೀಟರ್ ಸಾಗಿದವನ ಲೆಕ್ಕ ಒಂದು ಇಡೀ ಕಿಲೋಮೀಟರ್ ತಪ್ಪಿರುತ್ತದೆ. ಹಿಡಿಯಬೇಕಾದ ತಿರುವು ಎಲ್ಲೋ ಉಳಿದುಹೋಗಿರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬಂಡೆ ಬೆಟ್ಟ ಮತ್ತು ಕುರುಚಲು ಕಾಡಿನ ಸೀಮೆ ಇಂಥ ಒಳದಾರಿಯ ಪಯಣಕ್ಕೆ ಹೇಳಿ ಮಾಡಿಸಿದಂತಿದೆ. ಎರಡು ಶತಮಾನಗಳ ಹಿಂದೆ ಇದೇ ಸೀಮೆಯನ್ನು ಹಾದುಬಂದ ಸೈನಿಕನೊಬ್ಬ, ಹೊರಡುವ ಮುನ್ನ ಅಳತೆಯನ್ನು ಸರಿಪಡಿಸಿಕೊಳ್ಳುವ ಆ ಒಂದೇ ಕೆಲಸಕ್ಕೆ ತನ್ನ ಆಯುಷ್ಯದ ಕೊನೆಯ 23 ವರ್ಷಗಳನ್ನು ಕೊಟ್ಟ. ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯನ್ನು ಆರಂಭಿಸಿದ ಕರ್ನಲ್ ವಿಲಿಯಂ ಲ್ಯಾಂಬ್ಟನ್ ಆತ.

ಯಾರ್ಕ್‌ಷೈರಿನಿಂದ ಮೈಸೂರು ಸೀಮೆಗೆ

ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರಿನ ನಾರ್ತಲರ್ಟನ್ ಪಟ್ಟಣದ ಸಮೀಪದ ಹಳ್ಳಿಗಾಡಿನಲ್ಲಿ. ಹುಟ್ಟಿದ ವರ್ಷದ ಬಗ್ಗೆ ಒಮ್ಮತವಿಲ್ಲ. 1753ರ ಸುಮಾರು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಬಡ ಕುಟುಂಬದ ಹುಡುಗನಿಗೆ ಆಸರೆಯಾದದ್ದು ಗಣಿತ. 1780ರ ದಶಕದ ಆರಂಭದಲ್ಲಿ ಸೈನ್ಯ ಸೇರಿದ ಆತ ಅಮೆರಿಕದ ಯುದ್ಧ ಮುಗಿದ ಬಳಿಕ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ದಶಕಕ್ಕೂ ಹೆಚ್ಚು ಕಾಲ ಉಳಿದ. ಕಾಡು ಕಡಿದು ನೆಲೆಸುವವರಿಗೆ ಭೂಮಿ ಅಳೆದುಕೊಡುವುದು, ಸೈನಿಕರ ವಸತಿಗಳನ್ನು ನೋಡಿಕೊಳ್ಳುವುದು ಆತನ ಕೆಲಸವಾಗಿತ್ತು. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿದ ಕಾರಣ ಒಂದು ಕಣ್ಣಿನ ದೃಷ್ಟಿ ಕೆಟ್ಟಿತೆಂದು ಆತನ ಜೀವನವನ್ನು ಬರೆದವರು ಹೇಳುತ್ತಾರೆ. ಮುಂದೆ ದೂರದರ್ಶಕಕ್ಕೆ ಕಣ್ಣಿಟ್ಟೇ ಬದುಕಬೇಕಿದ್ದವನಿಗೆ ಒಂದೇ ಕಣ್ಣು ಸಾಕಾಯಿತು.

1790ರ ದಶಕದ ಕೊನೆಯಲ್ಲಿ, ನಡುವಯಸ್ಸು ದಾಟುತ್ತಿದ್ದ ಲ್ಯಾಂಬ್ಟನ್ 33ನೇ ಪದಾತಿ ದಳದೊಂದಿಗೆ ಭಾರತಕ್ಕೆ ಬಂದ. ಆ ದಳದ ಕರ್ನಲ್, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ. ಮಿತಭಾಷಿಯಾದ ಈ ಅಧಿಕಾರಿಯಲ್ಲಿ ಯಾರೂ ವಿಶೇಷವೇನನ್ನೂ ಕಂಡಿರಲಿಲ್ಲ. ಕಾಣುವಂತೆ ಮಾಡಿದ್ದು ನಾಲ್ಕನೆಯ ಮೈಸೂರು ಯುದ್ಧ.

ಕತ್ತಲೆಯಲ್ಲಿ ಕಂಡ ನಕ್ಷತ್ರ

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ರಾಜಮಾರ್ಗವಿದ್ದದ್ದು ಚನ್ನಪಟ್ಟಣ, ಮದ್ದೂರುಗಳ ಮೇಲೆ. ಆದರೆ ಶತ್ರು ಬರುವ ದಾರಿಯಲ್ಲಿ ಹುಲ್ಲು ಮೇವನ್ನು ಸುಟ್ಟುಹಾಕುವುದು ಟಿಪ್ಪು ಸುಲ್ತಾನನ ಯುದ್ಧನೀತಿಯ ಭಾಗವಾಗಿತ್ತು. 1791ರಲ್ಲಿ ಕಾರ್ನ್‌ವಾಲಿಸ್ ಈ ಕಾರಣಕ್ಕೇ ರಾಜಮಾರ್ಗ ಬಿಟ್ಟು ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ ದುರ್ಗಮ ದಾರಿ ಹಿಡಿದಿದ್ದ. ಎತ್ತುಗಳು ಸಾಲುಸಾಲಾಗಿ ಸತ್ತು, ಕೊನೆಗೆ ಕೋಟೆ ಒಡೆಯಲು ತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದ್ದ. ಸಾಗಣೆಯ ಸಿದ್ಧತೆ ಸಾಲದಿದ್ದರೆ ಎಷ್ಟು ದೊಡ್ಡ ಸೈನ್ಯವೂ ನಿಲ್ಲುತ್ತದೆ ಎಂಬ ಪಾಠ ಅದು.

1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸನ ಸೈನ್ಯವೂ ಕಾನಕಾನಹಳ್ಳಿಯ ಮೇಲೆಯೇ ಸಾಗಿತು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕದನ ನಡೆಯಿತು. ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಏಪ್ರಿಲ್ ಮೊದಲ ವಾರ ಶ್ರೀರಂಗಪಟ್ಟಣದೆದುರು ಬೀಡುಬಿಟ್ಟ ಆ ದಂಡಿನಲ್ಲಿ ಜನರಲ್ ಬೇರ್ಡ್‌ನ ಬ್ರಿಗೇಡ್ ಮೇಜರ್ ಆಗಿದ್ದವನು ಲ್ಯಾಂಬ್ಟನ್.

ಆ ವಾರದ ಒಂದು ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಶತ್ರುಗಳಿದ್ದರೆ ತೆರವುಗೊಳಿಸಲು ಬೇರ್ಡ್ ತನ್ನ ಪಡೆಯೊಂದಿಗೆ ಹೊರಟ. ತೋಪು ಖಾಲಿಯಿತ್ತು. ಹಿಂದಿರುಗುವಾಗ ಕತ್ತಲೆಯಲ್ಲಿ ದಿಕ್ಕು ತಪ್ಪಿತು. ಆಕಾಶವನ್ನು ಗಮನಿಸುತ್ತಿದ್ದ ಲ್ಯಾಂಬ್ಟನ್, ಪಡೆ ದಕ್ಷಿಣದ ತನ್ನ ಬೀಡಿಗೆ ಹೋಗುವ ಬದಲು ಉತ್ತರಕ್ಕೆ, ನೇರವಾಗಿ ಶತ್ರುವಿನ ಪಾಳೆಯದತ್ತ ನಡೆಯುತ್ತಿದೆ ಎಂದು ತಿಳಿಸಿದ. ಜನರಲ್ ಮೊದಲು ಆ ಮಾತಿಗೆ ಕಿವಿಗೊಡಲಿಲ್ಲ. ಕೊನೆಗೆ ದಿಕ್ಸೂಚಿಯನ್ನು ನೋಡಿದಾಗ ನಕ್ಷತ್ರಗಳ ಮಾತೇ ನಿಜವೆಂದು ತಿಳಿದು ಪಡೆ ಹಿಂದಕ್ಕೆ ತಿರುಗಿತು. ಅದೇ ದಿನಗಳಲ್ಲಿ, ಅದೇ ತೋಪಿನ ಬಳಿ ಕತ್ತಲೆಯಲ್ಲಿ ಗೊಂದಲಕ್ಕೆ ಸಿಕ್ಕಿ ವೆಲ್ಲೆಸ್ಲಿ ಹಿಮ್ಮೆಟ್ಟಬೇಕಾಯಿತು ಎಂಬುದನ್ನು ನೆನೆದರೆ ಲ್ಯಾಂಬ್ಟನ್‌ನ ಸಮಯಪ್ರಜ್ಞೆಯ ಬೆಲೆ ಅರಿವಾಗುತ್ತದೆ.

ಮೇ 4ರಂದು ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಮಡಿದ. ವಿಶಾಲವಾದ ನಾಡು ಕಂಪನಿಯ ಪ್ರಭಾವಕ್ಕೆ ಒಳಗಾಯಿತು. ಆದರೆ ಆ ನಾಡಿನ ನಂಬಬಹುದಾದ ನಕ್ಷೆ ಅದರ ಬಳಿ ಇರಲಿಲ್ಲ. ಕಾಲಿನ್ ಮೆಕೆಂಜಿ ಊರು, ಕೆರೆ, ಗಡಿ, ಶಾಸನಗಳನ್ನು ದಾಖಲಿಸುವ ಮೈಸೂರು ಸರ್ವೇಕ್ಷಣೆಯನ್ನು ಕೈಗೊಂಡ. ಲ್ಯಾಂಬ್ಟನ್ ಮುಂದಿಟ್ಟದ್ದು ಬೇರೆಯದೇ ಯೋಜನೆ: ಪರ್ಯಾಯ ದ್ವೀಪವನ್ನು ಕರಾವಳಿಯಿಂದ ಕರಾವಳಿಗೆ ತ್ರಿಭುಜಗಳಿಂದ ಹೆಣೆದು, ಎಲ್ಲ ನಕ್ಷೆಗಳಿಗೂ ಆಧಾರವಾಗುವ ಸ್ಥಿರ ಬಿಂದುಗಳನ್ನು ಗುರುತಿಸುವುದು; ಜೊತೆಗೆ ಭೂಮಿಯ ಆಕಾರವನ್ನೇ ಅಳೆಯುವುದು. ವೆಲ್ಲೆಸ್ಲಿಯ ಬೆಂಬಲದಿಂದ 1800ರಲ್ಲಿ ಮದರಾಸು ಸರ್ಕಾರ ಅದಕ್ಕೆ ಒಪ್ಪಿತು.

ಸರಪಳಿ, ಮುಕ್ಕಾಲಿ, ಉಷ್ಣಮಾಪಕ

ಇಲ್ಲಿಂದ ಮುಂದಿನದು ಸಾಮಗ್ರಿಯ ಕಥೆ. ತ್ರಿಭುಜದ ಒಂದು ಬಾಹುವಿನ ಉದ್ದವೂ ಎರಡು ಕೋನಗಳೂ ತಿಳಿದರೆ ಉಳಿದ ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಆ ಬಾಹುವಿನ ಮೇಲೆ ಇನ್ನೊಂದು ತ್ರಿಭುಜ, ಅದರ ಮೇಲೆ ಮತ್ತೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಕಣ್ಣೋಟದಲ್ಲೇ ಸಾಗಬಹುದು. ಆದರೆ ಮೊದಲ ಬಾಹುವನ್ನು ಮಾತ್ರ ನೆಲದ ಮೇಲೆ ಕೈಯಾರೆ ಅಳೆಯಬೇಕು. ಅಲ್ಲಿ ಆದ ತಪ್ಪು ಕೊನೆಯವರೆಗೂ ಬೆಂಬಿಡದೆ ಬರುತ್ತದೆ. ರ‍್ಯಾಲಿ ಚಾಲಕನ ಮೀಟರಿನಂತೆಯೇ.

ಅಳೆಯಲು ಬೇಕಾದ ಉಪಕರಣ ದೊರೆತದ್ದೂ ಒಂದು ಆಕಸ್ಮಿಕ. ಲಂಡನ್ನಿನ ಪ್ರಸಿದ್ಧ ಉಪಕರಣ ತಯಾರಕ ರಾಮ್ಸ್‌ಡೆನ್ನನ ಕಾರ್ಯಾಗಾರದ ನೂರು ಅಡಿಯ ಉಕ್ಕಿನ ಸರಪಳಿ ಹಾಗೂ ನೆತ್ತಿಯ ಮೇಲಿನ ನಕ್ಷತ್ರಗಳಿಂದ ಅಕ್ಷಾಂಶವನ್ನು ಅಳೆಯುವ ಜೆನಿತ್ ಸೆಕ್ಟರ್ ಯಂತ್ರ ಚೀನಾದ ಚಕ್ರವರ್ತಿಗೆಂದು 1793ರ ಮೆಕಾರ್ಟ್ನಿ ನಿಯೋಗದೊಂದಿಗೆ ಹೋಗಿದ್ದವು. ಅಲ್ಲಿ ಬೇಡವಾದ ಅವು ನಿಯೋಗದ ವಿಜ್ಞಾನಿ ಡಾ. ಡಿನ್‌ವಿಡಿಯ ಮೂಲಕ ಕಲ್ಕತ್ತೆ ತಲುಪಿ, ಕೊನೆಗೆ ಲ್ಯಾಂಬ್ಟನ್‌ನ ಕೈಸೇರಿದವು. ಎರಡೂವರೆ ಅಡಿಯ 40 ಕೊಂಡಿಗಳ ಸರಪಳಿ ಅದು. ಅದೇ 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿಗಾಗಿ ಉಕ್ಕನ್ನು ಎಳೆಯುವ ಕುಶಲಿಗಳನ್ನು ಕಂಡು ದಾಖಲಿಸಿದ್ದಾನೆ. ಉಕ್ಕನ್ನು ಬಲ್ಲ ಆ ಕುಶಲಿಗಳಿಗೆ ಲ್ಯಾಂಬ್ಟನ್‌ನ ಚಿಂತೆ ಸುಲಭವಾಗಿ ಅರ್ಥವಾಗುತ್ತಿತ್ತೇನೋ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ.

1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೆಂಗಳೂರಿನ ಬಯಲಿನಲ್ಲಿ ಏಳೂವರೆ ಮೈಲಿಗೆ ತುಸು ಕಡಿಮೆ ಉದ್ದದ ಆಧಾರರೇಖೆಯನ್ನು ಅಳೆಯಲಾಯಿತು. ಸರಪಳಿಯನ್ನು ನೆಲದ ಮೇಲೆ ಎಳೆಯಲಿಲ್ಲ. ಮುಕ್ಕಾಲಿಗಳ ಮೇಲೆ ಮರದ ಪೆಟ್ಟಿಗೆಗಳನ್ನು ಸಮಮಟ್ಟದಲ್ಲಿ ಸಾಲಾಗಿ ಇರಿಸಿ, ಅವುಗಳೊಳಗೆ ಸರಪಳಿಯನ್ನು ಹಾಸಿ, ಒಂದೇ ತೂಕದ ಭಾರದಿಂದ ಬಿಗಿದು, ಪಕ್ಕದಲ್ಲಿಟ್ಟ ಉಷ್ಣಮಾಪಕಗಳನ್ನು ಓದಿ, ಹಿಗ್ಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಬಳಿಕ ಅಷ್ಟನ್ನೂ ಬಿಚ್ಚಿ ನೂರು ಅಡಿ ಮುಂದಕ್ಕೆ ಒಯ್ಯಬೇಕು. ಹೀಗೆ ಸುಮಾರು 400 ಬಾರಿ. ಕಾಲ್ನಡಿಗೆಯಲ್ಲಿ ಮೂರು ಗಂಟೆಗೂ ಕಡಿಮೆ ಅವಧಿಯ ದಾರಿಗೆ ಎಂಟು ವಾರ ಹಿಡಿಯಿತು.

ಕೋನಗಳನ್ನು ಅಳೆಯಲು ಲಂಡನ್ನಿನ ವಿಲಿಯಂ ಕೇರಿಯಿಂದ ಮಹಾ ಥಿಯೋಡೊಲೈಟ್ ಅನ್ನು ತರಿಸಲಾಯಿತು. ಮೂರು ಅಡಿ ವ್ಯಾಸದ ವೃತ್ತವಿದ್ದ ಅದರ ತೂಕ ಸುಮಾರು ಅರ್ಧ ಟನ್. ಬರುವ ದಾರಿಯಲ್ಲಿ ಹಡಗು ಫ್ರೆಂಚರ ಕೈಗೆ ಸಿಕ್ಕಿ ಯಂತ್ರ ಮಾರಿಷಸ್ ಸೇರಿತು. ವಿಜ್ಞಾನದ ಉಪಕರಣವೆಂದು ತಿಳಿದ ಫ್ರೆಂಚರು ಅದನ್ನು ಗೌರವದಿಂದ ಮದರಾಸಿಗೆ ಕಳುಹಿಸಿಕೊಟ್ಟರು.

1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಹೊಸ ಆಧಾರರೇಖೆಯ ಅಳತೆ ಆರಂಭವಾಯಿತು. ಮಹಾ ಸರ್ವೇಕ್ಷಣೆಯ ಆರಂಭದ ದಿನವೆಂದು ಇತಿಹಾಸ ಗುರುತಿಸುವುದು ಇದನ್ನೇ. ಅಲ್ಲಿಂದ ತ್ರಿಭುಜಗಳು ಪಶ್ಚಿಮಕ್ಕೆ ಸಾಗಿ ಬೆಂಗಳೂರು ತಲುಪಿದವು. ಲೆಕ್ಕ ಸರಿಯೇ ಎಂದು ತಿಳಿಯಲು 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ಸರಪಳಿ ಹಾಸಲಾಯಿತು. ಆ ಕೆಲಸದ ಹೊಣೆ ಹೊತ್ತವನು, 1802ರಲ್ಲಿ ಕೋಲಾರದ ಚಿನ್ನದ ಬಗ್ಗೆ ವರದಿ ಮಾಡಿ ಹೆಸರಾಗಿದ್ದ ಜಾನ್ ವಾರನ್. ಮದರಾಸಿನಿಂದ ಲೆಕ್ಕ ಹಾಕಿ ತಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಏಳು ಮೈಲಿಗಳಲ್ಲಿ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕೂ ಕಡಿಮೆ.

ಬೆಂಗಳೂರಿನಿಂದ ಮುಂದೆ ತ್ರಿಭುಜಗಳ ಸರಣಿ ಮಾಗಡಿ ಸೀಮೆಯ ಸಾವನದುರ್ಗದಂಥ ಬೆಟ್ಟಗಳ ನೆತ್ತಿಯನ್ನು ಹಿಡಿದು, ಪಶ್ಚಿಮ ಘಟ್ಟಗಳನ್ನು ದಾಟಿ ಮಂಗಳೂರಿನ ಕಡಲನ್ನು ಮುಟ್ಟಿತು. 1791ರ ಡಿಸೆಂಬರ್‌ನಲ್ಲಿ ಫಿರಂಗಿಗಳ ಸದ್ದು ಕೇಳಿದ್ದ ದುರ್ಗದ ಮೇಲೆ ಈಗ ಬಾವುಟ ನೆಟ್ಟು ಕೋನ ಅಳೆಯುವ ಕಾಯಕ. ಎಲ್ಲ ಮುಗಿದಾಗ ಹಳೆಯ ನಕ್ಷೆಗಳು ಮದರಾಸಿನಿಂದ ಮಂಗಳೂರಿಗೆ ತೋರಿಸುತ್ತಿದ್ದ ಸುಮಾರು 400 ಮೈಲಿಗಳ ಅಗಲ ನಿಜಕ್ಕೂ 360 ಮೈಲಿ ಮಾತ್ರ ಎಂಬುದು ಬಯಲಾಯಿತು. ನಕ್ಷೆಯ ಮೇಲಿದ್ದ 40 ಮೈಲಿ ನೆಲ ಇರಲೇ ಇಲ್ಲ.

ಒಡೆದ ಯಂತ್ರ, ಮುಚ್ಚಿದ ಡೇರೆ

ಬೆಂಗಳೂರಿನ ದೊಡ್ಡಗುಂಟೆಯ ಕೇಂದ್ರವನ್ನು ಆಧಾರವಾಗಿಟ್ಟುಕೊಂಡು ಲ್ಯಾಂಬ್ಟನ್ ಕನ್ಯಾಕುಮಾರಿಯವರೆಗೆ ಉತ್ತರ–ದಕ್ಷಿಣವಾಗಿ ಒಂದು ಮಹಾ ಚಾಪವನ್ನು ಅಳೆಯಲಾರಂಭಿಸಿದ. 1808ರಲ್ಲಿ ತಂಜಾವೂರಿನ ಬಯಲು ಸೀಮೆಯಲ್ಲಿ ಬೆಟ್ಟಗಳಿಲ್ಲದೆ ದೇವಾಲಯದ ಗೋಪುರದ ಮೇಲಕ್ಕೆ ಥಿಯೋಡೊಲೈಟ್ ಅನ್ನು ಹಗ್ಗಗಳಿಂದ ಎತ್ತಬೇಕಾಯಿತು. ಹಗ್ಗವೊಂದು ತುಂಡಾಗಿ ಯಂತ್ರ ಗೋಡೆಗೆ ಅಪ್ಪಳಿಸಿತು. ವೃತ್ತವೇ ಸೊಟ್ಟಗಾಯಿತು.

ಇಂಗ್ಲೆಂಡಿನಿಂದ ಇನ್ನೊಂದನ್ನು ತರಿಸಲು ವರ್ಷಗಳೇ ಬೇಕು. ಲ್ಯಾಂಬ್ಟನ್ ಡೇರೆಯೊಳಗೆ ಸೇರಿ ಯಂತ್ರವನ್ನು ಪೂರ್ಣ ಬಿಚ್ಚಿದ. ದೊಡ್ಡ ಹಲಗೆಯ ಮೇಲೆ ಸರಿಯಾದ ಅಳತೆಯ ವೃತ್ತವನ್ನು ಬರೆದು, ಬೆಣೆ, ತಿರುಪು, ರಾಟೆಗಳಿಂದ ಲೋಹವನ್ನು ಕೂದಲೆಳೆಯಷ್ಟಷ್ಟೇ ಎಳೆದು ಆ ಗೆರೆಗೆ ಕೂರಿಸಿದ. ಬಾಗಿದ ಕಡ್ಡಿಗಳನ್ನು ಮರದ ಸುತ್ತಿಗೆಯಿಂದ ನೇರಗೊಳಿಸಿದ. ಸುಮಾರು ಆರು ವಾರಗಳಲ್ಲಿ ಯಂತ್ರ ಮತ್ತೆ ಕೆಲಸಕ್ಕೆ ಬಂತು. ನಡುದಾರಿಯಲ್ಲಿ ಆಕ್ಸಲ್ ಮುರಿದು, ಕೈಯಲ್ಲಿರುವ ಸಾಮಾನಿನಿಂದಲೇ ಗಾಡಿಯನ್ನು ಎಬ್ಬಿಸಿದ ಯಾರಿಗಾದರೂ ಆ ಆರು ವಾರಗಳ ತಪಸ್ಸು ಅರ್ಥವಾದೀತು.

ಆ ಭಾರವನ್ನು ಬೆಟ್ಟ ಹತ್ತಿಸಿದವರು ಖಲಾಸಿಗಳು. ದಾರಿ ಕಡಿದವರು, ಪೆಟ್ಟಿಗೆ ಹೊತ್ತವರು, ಬಾವುಟ ಹಿಡಿದು ಶಿಖರಗಳ ಮೇಲೆ ದಿನಗಟ್ಟಲೆ ಕಾದವರು, ಕಾಡುಜ್ವರಕ್ಕೆ ಬಲಿಯಾದವರು. ವರದಿಗಳಲ್ಲಿ ಪ್ರತಿ ಕೇಂದ್ರದ ಕೋನವೂ ಇದೆ. ಅವರ ಹೆಸರುಗಳಿಗೆ ಮಾತ್ರ ಜಾಗವಿಲ್ಲ. ನಕ್ಷೆ ಬೇಕಾಗಿದ್ದದ್ದು ಗೆದ್ದ ನಾಡನ್ನು ಆಳಲು ಎಂಬುದನ್ನೂ ಮರೆಯುವಂತಿಲ್ಲ. ಲ್ಯಾಂಬ್ಟನ್‌ನ ವಿಜ್ಞಾನ ಹಾಗೂ ಕಂಪನಿಯ ಕಂದಾಯ ಒಂದೇ ಗಾಡಿಯಲ್ಲಿ ಸಾಗಿದವು.

ಹಿಂಗನ್‌ಘಾಟ್‌ನಲ್ಲಿ ಕೊನೆ

1815ರಲ್ಲಿ ಬೀದರ್ ಸೀಮೆಯಲ್ಲಿ ಇನ್ನೊಂದು ಆಧಾರರೇಖೆಯನ್ನು ಅಳೆದ ಲ್ಯಾಂಬ್ಟನ್ ಬಳಿಕ ಹೈದರಾಬಾದನ್ನು ನೆಲೆಯಾಗಿಸಿಕೊಂಡ. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಫೆಲೋ ಆಗಿ ಆರಿಸಿತು. 1818ರಲ್ಲಿ ಸಹಾಯಕನಾಗಿ ಬಂದವನು ಯುವಕ ಜಾರ್ಜ್ ಎವರೆಸ್ಟ್. ಲ್ಯಾಂಬ್ಟನ್‌ನ ಕಾಲದಲ್ಲಿ ಒಟ್ಟು ಸುಮಾರು 1,65,000 ಚದರ ಮೈಲಿ ಭೂಭಾಗ ತ್ರಿಭುಜಗಳೊಳಗೆ ಬಂತು. ಎಪ್ಪತ್ತರ ಆಸುಪಾಸಿನಲ್ಲಿಯೂ ವಿಶ್ರಾಂತಿ ಬಯಸದೆ ನಾಗಪುರದತ್ತ ಹೊರಟ ಲ್ಯಾಂಬ್ಟನ್ 1823ರ ಜನವರಿ 20ರಂದು, ದಾರಿಯಲ್ಲಿಯೇ, ಇಂದಿನ ಮಹಾರಾಷ್ಟ್ರದ ಹಿಂಗನ್‌ಘಾಟ್‌ನಲ್ಲಿ ಕೊನೆಯುಸಿರೆಳೆದ. ಸಮಾಧಿಯೂ ಅಲ್ಲಿಯೇ ಇದೆ.

ಚಾಪ ಹಿಮಾಲಯದ ಕಡೆಗೆ ಮುಂದುವರಿಯಿತು. 1865ರಲ್ಲಿ ಜಗತ್ತಿನ ಅತ್ಯುನ್ನತ ಶಿಖರಕ್ಕೆ ಎವರೆಸ್ಟ್‌ನ ಹೆಸರಿಡಲಾಯಿತು. ಲ್ಯಾಂಬ್ಟನ್‌ನ ಹೆಸರು ಸರ್ವೇಕ್ಷಣೆಯ ಕಡತಗಳಲ್ಲಿ ಉಳಿಯಿತು. ಇಂದು ಉಪಗ್ರಹ ನಮ್ಮ ಜೇಬಿನ ಫೋನಿಗೇ ದಾರಿ ಹೇಳುತ್ತದೆ. ಆದರೂ ನ್ಯಾವಿಗೇಷನ್ ರ‍್ಯಾಲಿಯ ಹಿಂದಿನ ಸಂಜೆ, ಅಳತೆ ಗೊತ್ತಿರುವ ರಸ್ತೆಯಲ್ಲಿ ಒಮ್ಮೆ ಹೋಗಿಬಂದು ಮೀಟರಿನ ತಪ್ಪನ್ನು ಗುರುತು ಹಾಕಿಕೊಳ್ಳುವ ಚಾಲಕ ಮಾಡುವುದು, 1800ರ ಚಳಿಗಾಲದಲ್ಲಿ ಬೆಂಗಳೂರಿನ ಬಯಲಿನಲ್ಲಿ ಎಂಟು ವಾರ ನಡೆದ ಕೆಲಸವನ್ನೇ.