ಐಡಾ ಬಿ. ವೆಲ್ಸ್

ಅಮೆರಿಕದಲ್ಲಿ ಕಪ್ಪು ಜನರನ್ನು ವಿಚಾರಣೆಯಿಲ್ಲದೆ ಗುಂಪುಗೂಡಿ ಕೊಲ್ಲುತ್ತಿದ್ದ ಅನ್ಯಾಯವನ್ನು ಅಂಕಿ ಅಂಶಗಳ ಸಮೇತ ಲೋಕದ ಮುಂದಿಟ್ಟ ಪತ್ರಕರ್ತೆ ಎಂದು ಐಡಾ ಬಿ. ವೆಲ್ಸ್ ಅವರ ಹೆಸರು ಚರಿತ್ರೆಯಲ್ಲಿ ನಿಂತಿದೆ. ಕೈಗೂಸನ್ನು ಎತ್ತಿಕೊಂಡು ಸಭೆಯಿಂದ ಸಭೆಗೆ ಅಲೆದ ತಾಯಿಯೂ ಆಕೆಯೇ. ನಾನಿಲ್ಲಿ ಹೇಳಹೊರಟಿರುವುದು ಹೆಚ್ಚಾಗಿ ಆ ತಾಯಿಯ ವಿಷಯ.

ಆಕೆ ಜನಿಸಿದ್ದು 1862ನೆಯ ಇಸವಿ ಜುಲೈ 16ರಂದು, ಮಿಸಿಸಿಪಿ ಸಂಸ್ಥಾನದ ಹಾಲಿ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ತಂದೆ ಬಡಗಿ, ತಾಯಿ ಅಡಿಗೆ ಕೆಲಸದವಳು, ಇಬ್ಬರೂ ಗುಲಾಮರು. ಬಿಡುಗಡೆಯಾದ ಮೇಲೆ ತಾಯಿಯೂ ಮಕ್ಕಳೊಡನೆ ಶಾಲೆಗೆ ಹೋಗಿ ಓದುವುದನ್ನು ಕಲಿತಳು. 1878ರಲ್ಲಿ ಹಳದಿ ಜ್ವರದ ಮಾರಿ ಬಂದು ತಂದೆ, ತಾಯಿ, ಒಂದು ಹಸುಗೂಸು ಮೂವರನ್ನೂ ಒಯ್ದಿತು. ತಂದೆಯ ಸ್ನೇಹಿತರು ಸೇರಿ, ಉಳಿದ ಮಕ್ಕಳನ್ನು ಒಂದೊಂದು ಮನೆಗೆ ಹಂಚುವುದೆಂದು ತೀರ್ಮಾನಿಸಿದರು. ಹದಿನಾರು ವರ್ಷದ ಐಡಾ ಒಪ್ಪಲಿಲ್ಲ. ದೊಡ್ಡವಳಂತೆ ಕಾಣಲು ಲಂಗವನ್ನು ಉದ್ದ ಮಾಡಿಕೊಂಡು, ಆರು ಮೈಲಿ ದೂರದ ಹಳ್ಳಿಶಾಲೆಯಲ್ಲಿ ತಿಂಗಳಿಗೆ 25 ಡಾಲರಿಗೆ ಉಪಾಧ್ಯಾಯಿನಿಯಾದಳು. ವಾರದ ಕೊನೆಗೆ ಹೇಸರಗತ್ತೆಯ ಮೇಲೆ ಮನೆಗೆ ಬಂದು ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಅಡಿಗೆ ಮಾಡಿಟ್ಟು ಮತ್ತೆ ಶಾಲೆಗೆ ಹೊರಡುವಳು. ತಮ್ಮ ತಂಗಿಯರಿಗಾಗಿ ಹಿರಿಯ ಮಗಳು ಶಾಲೆ ಬಿಡುವುದು ನಮ್ಮ ಹಳ್ಳಿಗಳಲ್ಲಿಯೂ ಹೊಸದೇನಲ್ಲ. ಅದೇ ಕಾರಣಕ್ಕೆ ಶಾಲೆ ಹಿಡಿದು ಸಂಬಳ ತಂದದ್ದು ಈಕೆಯ ವಿಶೇಷ.

ಮುಂದೆ ಮೆಂಫಿಸ್ ನಗರದಲ್ಲಿ ಉಪಾಧ್ಯಾಯ ವೃತ್ತಿ. ರೈಲಿನಲ್ಲಿ ಹೆಂಗಸರ ಗಾಡಿಯಿಂದ ತನ್ನನ್ನು ಎಳೆದುಹಾಕಿದವರ ಮೇಲೆ ದಾವೆ ಹೂಡಿ 1884ರಲ್ಲಿ 500 ಡಾಲರ್ ಪರಿಹಾರ ಗೆದ್ದರು; 1887ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 1889ರಲ್ಲಿ ಪತ್ರಿಕೆಯೊಂದರ ಪಾಲುದಾರರಾದರು. ಕಪ್ಪು ಮಕ್ಕಳ ಶಾಲೆಗಳ ದುರವಸ್ಥೆಯನ್ನು ಅದರಲ್ಲಿ ಬರೆದುದರಿಂದ 1891ರಲ್ಲಿ ಕೆಲಸ ಹೋಯಿತು. 1892ರ ಮಾರ್ಚಿಯಲ್ಲಿ ಅವರ ಸ್ನೇಹಿತ ಥಾಮಸ್ ಮಾಸ್ ಮತ್ತು ಇನ್ನಿಬ್ಬರನ್ನು ಸೆರೆಮನೆಯಿಂದ ಎಳೆದೊಯ್ದು ಕೊಂದರು. ಅವರ ಅಪರಾಧವೆಂದರೆ ಬಿಳಿಯ ವ್ಯಾಪಾರಿಗೆ ಪೈಪೋಟಿಯಾಗಿ ದಿನಸಿ ಅಂಗಡಿ ನಡೆಸಿದ್ದು ಎಂದೇ ಹೇಳಬೇಕು. ಐಡಾ ಬರೆದರು. ಅವರು ಪರಸ್ಥಳದಲ್ಲಿದ್ದಾಗ ಪತ್ರಿಕೆಯ ಕಚೇರಿ ಧ್ವಂಸವಾಯಿತು. ಹಿಂದಿರುಗಿದರೆ ಪ್ರಾಣಕ್ಕೆ ಅಪಾಯವೆಂಬ ಸುದ್ದಿ ಬಂತು. ಆಮೇಲೆ ನ್ಯೂಯಾರ್ಕ್, ಎರಡು ಬಾರಿ ಬ್ರಿಟನ್ ಪ್ರವಾಸ, ಕೊನೆಗೆ ಷಿಕಾಗೋ.

1895ರ ಜೂನ್ 27ರಂದು ವಕೀಲ ಫರ್ಡಿನಂಡ್ ಬಾರ್ನೆಟ್ಟರೊಡನೆ ವಿವಾಹ. ಭಾಷಣಗಳ ಸಲುವಾಗಿ ಅದರ ದಿನವನ್ನೇ ಮೂರು ಬಾರಿ ಮುಂದೂಡಬೇಕಾಗಿತ್ತು! ವರನಿಗೆ ಮೊದಲ ಹೆಂಡತಿಯ ಇಬ್ಬರು ಗಂಡುಮಕ್ಕಳಿದ್ದರು. ವಧು ತನ್ನ ಹೆಸರನ್ನು ಬಿಡದೆ ವೆಲ್ಸ್-ಬಾರ್ನೆಟ್ ಎಂದು ಬರೆಯತೊಡಗಿದರು. 1896ರಲ್ಲಿ ಹಿರಿಯ ಮಗ ಚಾರ್ಲ್ಸ್ ಹುಟ್ಟಿದ. ಆ ವರ್ಷವೇ ಇಲಿನಾಯ್ ಸಂಸ್ಥಾನದಲ್ಲಿ ಚುನಾವಣೆಯ ಭಾಷಣಗಳಿಗೆ ಕರೆ ಬಂದಾಗ, ಹೋದ ಊರಿನಲ್ಲೆಲ್ಲ ಮಗುವನ್ನು ನೋಡಿಕೊಳ್ಳಲು ದಾದಿಯೊಬ್ಬಳನ್ನು ಒದಗಿಸಬೇಕೆಂದು ಕೇಳಿದರು. ಮಹಿಳಾ ಸಮಿತಿಯವರು ಒಪ್ಪಿದರು. ನನಗೆ ಈ ಷರತ್ತು ಅವರ ಎಷ್ಟೋ ಭಾಷಣಗಳಿಗಿಂತ ದೊಡ್ಡದಾಗಿ ತೋರುತ್ತದೆ.

1897ರಲ್ಲಿ ಎರಡನೆಯ ಮಗ ಹರ್ಮನ್ ಹುಟ್ಟಿದ ಮೇಲೆ ಸಂಪಾದಕತ್ವವನ್ನೂ ಮಹಿಳಾ ಸಂಘದ ಅಧ್ಯಕ್ಷತೆಯನ್ನೂ ಬಿಟ್ಟು ಮನೆಯಲ್ಲೇ ಇರುವೆನೆಂದು ನಿಶ್ಚಯಿಸಿದರು. ಆ ನಿಶ್ಚಯ ಕೆಲವೇ ತಿಂಗಳು ಬಾಳಿತು. 1898ರ ಫೆಬ್ರವರಿಯಲ್ಲಿ ಲೇಕ್ ಸಿಟಿಯ ಕಪ್ಪು ಪೋಸ್ಟ್ ಮಾಸ್ಟರ್ ಫ್ರೇಜಿಯರ್ ಬೇಕರನನ್ನೂ ಆತನ ಎಳೆಗೂಸನ್ನೂ ಗುಂಪೊಂದು ಕೊಂದಿತು. ಐಡಾ ಮೊಲೆಯುಣ್ಣುವ ಮಗುವಿನೊಡನೆ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಮಕಿನ್ಲಿಯವರನ್ನು ಕಂಡು, ಅಪರಾಧಿಗಳಿಗೆ ಶಿಕ್ಷೆಯನ್ನೂ ವಿಧವೆಗೆ ಪರಿಹಾರವನ್ನೂ ಕೇಳಿದರು.

ಅದೇ ವರ್ಷ ರಾಚೆಸ್ಟರಿನಲ್ಲಿ, ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಆಂಟನಿಯವರು, ನೀನು ಮದುವೆಯಾದ ಮೇಲೆ ಚಳವಳಿಯೇ ನಿಂತುಹೋಯಿತೆಂದು ಆಕ್ಷೇಪಿಸಿದರು. ಆಂಟನಿ ಅವಿವಾಹಿತೆ, ಐಡಾ ಅವರಿಗೆ ಹಿರಿಯ ಅಕ್ಕನಂತಿದ್ದವರು. ಐಡಾ ಮರುನುಡಿಯಲಿಲ್ಲ. ದುಡಿಯುವಾಗ ಹೆಗಲು ಕೊಡದ ಸ್ವಜನರೇ ಮದುವೆಯಾದಾಗ ಮಾತ್ರ ಗಟ್ಟಿಯಾಗಿ ದೂರಿದ್ದರು. ಅದನ್ನು ಹೇಗೆ ಹೇಳುವುದು? ಮನೆ ಬಿಟ್ಟರೂ ತಪ್ಪು, ಕೆಲಸ ಬಿಟ್ಟರೂ ತಪ್ಪು ಎಂಬ ಇಕ್ಕಟ್ಟು ಗಂಡಸರಿಗೆ ಬರುವುದನ್ನು ನಾನು ಕಂಡಿಲ್ಲ.

1909ರಲ್ಲಿ ಇಲಿನಾಯ್‌ನ ಕೇರೋ ಪಟ್ಟಣದಲ್ಲಿ ಇಂತಹುದೇ ಕೊಲೆಯಾಯಿತು. ಕೈದಿಯನ್ನು ರಕ್ಷಿಸದ ಷೆರಿಫ್ ಅಧಿಕಾರ ಕಳೆದುಕೊಂಡಿದ್ದ; ಅದನ್ನು ಮರಳಿ ಕೊಡೆಂದು ಗವರ್ನರನನ್ನು ಕೇಳಿದ. ಸಾಕ್ಷ್ಯ ಸಂಗ್ರಹಿಸಲು ಐಡಾ ಹೋಗಬೇಕೆಂದು ಗಂಡನ ಸಲಹೆ. ಅಷ್ಟರಲ್ಲಾಗಲೇ ನಾಲ್ಕು ಮಕ್ಕಳ ತಾಯಿ, ಆಕೆ ಒಲ್ಲೆನೆಂದು ಕಿರಿಯ ಮಗುವನ್ನು ಮಲಗಿಸುತ್ತ ತಾವೂ ನಿದ್ದೆ ಹೋದರು. ಹಿರಿಯ ಮಗ ಬಂದು ಎಬ್ಬಿಸಿ, ಅಮ್ಮ ಹೋಗದಿದ್ದರೆ ಮತ್ತಾರು ಹೋಗುತ್ತಾರೆಂದು ಕೇಳಿದ. ಮರುದಿನ ರೈಲು ಹತ್ತಿದರು. ಅವರ ವಾದವನ್ನು ಕೇಳಿದ ಗವರ್ನರ್, ಷೆರಿಫನಿಗೆ ಕೆಲಸವನ್ನು ಮರಳಿ ಕೊಡಲಿಲ್ಲ.

ಬಾರ್ನೆಟ್ಟರ ಮಾತನ್ನು ಆಡದೆ ಬಿಟ್ಟರೆ ಅನ್ಯಾಯವಾದೀತು. ಹೆಂಡತಿಯ ಕೆಲಸಕ್ಕೆ ಅಡ್ಡ ಬಾರದ ಈ ವಕೀಲರು ಮನೆಯ ಅಡಿಗೆಯನ್ನೂ ಬಹುಮಟ್ಟಿಗೆ ತಾವೇ ಮಾಡುತ್ತಿದ್ದರು.

ಐಡಾ 1931ರ ಮಾರ್ಚ್ 25ರಂದು ತೀರಿಕೊಂಡರು. ಆತ್ಮಕಥೆ ಅರ್ಧ ವಾಕ್ಯದಲ್ಲಿ ನಿಂತುಹೋಗಿತ್ತು. ಕಿರಿಯ ಮಗಳು ಆಲ್ಫ್ರೀಡಾ 1945ರಲ್ಲಿ ವಿಧವೆಯಾಗಿ, ಸಮಾಜಸೇವೆಯ ಉದ್ಯೋಗದಲ್ಲಿದ್ದುಕೊಂಡೇ ಐದು ಮಕ್ಕಳನ್ನು ಸಾಕಿದರು. ಆ ಹಸ್ತಪ್ರತಿಯನ್ನು ಪರಿಷ್ಕರಿಸಿ 1970ರಲ್ಲಿ ಪ್ರಕಟಿಸಿದವರೂ ಅವರೇ.